ಹಳೆಯ ಕಾರಿನ ಟ್ಯಾಪೆಟ್ ಸದ್ದು: ಹೆಡ್ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆ, ಆಮೇಲಿನ ದುರಸ್ತಿ

ಎಂಜಿನ್ನಿನ ಮೇಲ್ಭಾಗದಿಂದ ಹೊಲಿಗೆ ಯಂತ್ರ ತುಳಿದಂತೆ ಟಿಕ್ ಟಿಕ್ ಎಂಬ ಸದ್ದು ಬರುತ್ತಿದೆ ಎಂದು ಕಲಬುರಗಿಯ ಯಾವ ಗ್ಯಾರೇಜಿಗೆ ಹೋಗಿ ಹೇಳಿದರೂ ಮಿಸ್ತ್ರಿಯ ಬಾಯಿಂದ ಬರುವ ಮೊದಲ ಮಾತು "ಟ್ಯಾಪೆಟ್ ಹೊಡಿಲಕತ್ತದ" ಎಂಬುದೇ. ಟ್ಯಾಪೆಟ್ ಎಂದರೆ ಎಂಜಿನ್ನಿನ ವಾಲ್ವುಗಳನ್ನು ಒತ್ತಿ ತೆರೆಯುವ ಕೊಂಡಿ. ಆ ಮಾತು ಬಹಳ ಸಲ ನಿಜವಾಗಿರುತ್ತದೆ. ಆದರೆ ಟ್ಯಾಪೆಟ್ ಹೊಡೆಯುವುದಕ್ಕೆ ಕಾರಣವೇನು ಎಂಬುದನ್ನು ಹುಡುಕದೆ ಪಾನಾ ಕೈಗೆತ್ತಿಕೊಂಡರೆ, ಸರಿಯಾಗಿದ್ದ ಭಾಗಗಳನ್ನು ಬದಲಿಸಿ ಕೆಟ್ಟದ್ದನ್ನು ಹಾಗೆಯೇ ಉಳಿಸಿಕೊಂಡು ಬರುವ ಸಾಧ್ಯತೆಯೇ ಹೆಚ್ಚು. ನನ್ನ 2004ರ ಪೆಟ್ರೋಲ್ ಕಾರಿನ ವಿಷಯದಲ್ಲಿ ಇನ್ನೇನು ಹಾಗೆಯೇ ಆಗುವುದರಲ್ಲಿತ್ತು. ಆ ಅನುಭವದಿಂದ ಕಲಿತದ್ದನ್ನೂ, ಆಮೇಲೆ ನೆಂಟರಿಷ್ಟರ ಹಳೆಯ ಗಾಡಿಗಳ ಮೇಲೆ ಕೈಯಾಡಿಸಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಪ್ರಸಂಗವನ್ನೇ ಹೇಳುತ್ತೇನೆ. ಕಲಬುರಗಿಯಿಂದ ಬೀದರಿಗೆ ಹೊರಟಿದ್ದೆವು. ಕಮಲಾಪುರ ದಾಟುವವರೆಗೆ ಎಂಜಿನ್ ಎಂದಿನಂತೆ ಸದ್ದಿಲ್ಲದೆ ಓಡಿತು. ಹುಮನಾಬಾದಿನಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಬಾನೆಟ್ಟಿನ ಕೆಳಗಿಂದ ಟಕಟಕ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು. ಅರ್ಧ ಗಂಟೆ ಬಿಟ್ಟು ಮತ್ತೆ ಚಾಲೂ ಮಾಡಿದಾಗ ಸದ್ದಿರಲಿಲ್ಲ, ಇಪ್ಪತ್ತು ಕಿಲೋಮೀಟರ್ ವೇಗವಾಗಿ ಓಡಿಸಿದ ಮೇಲೆ ಪುನಃ ಬಂತು. ಊರಿಗೆ ಮರಳಿ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಲಿಫ್ಟರ್‌ಗಳೆಲ್ಲ (ಆಯಿಲ್ ತುಂಬಿಕೊಂಡು ಕೆಲಸ ಮಾಡುವ ಟ್ಯಾಪೆಟ್‌ಗಳು) ಹೋಗಿವೆ, ಹೆಡ್ (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ) ಇಳಿಸಬೇಕು ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಬಹಳ ವರ್ಷಗಳಿಂದ ಪರಿಚಯವಿದ್ದ ಹಿರಿಯ ಮಿಸ್ತ್ರಿಯೊಬ್ಬರ ಬಳಿ ಒಯ್ದೆ. ಅವರು ಬಾನೆಟ್ ಎತ್ತಿ, ಯಾವ ಭಾಗವನ್ನೂ ಮುಟ್ಟದೆ, "ಸರ, ಅವಾಜ್ ಎಲ್ಲಿಂದ ಬರ್ಲಕತ್ತದ, ಯಾವಾಗ ಬರ್ಲಕತ್ತದ ಅಂಬೋದು ಗೊತ್ತಾಗೋ ತನಕ ಪಾನಾ ಮುಟ್ಟಬ್ಯಾಡ್ರಿ" ಎಂದು ಹೇಳಿ ಆಯಿಲ್ ಕಡ್ಡಿ ಎಳೆದು ನೋಡಿದರು. ಆಯಿಲ್ ಮೇಲಿನ ಗುರುತಿಗಿಂತ ಒಂದು ಬೆರಳಿನಷ್ಟು ಹೆಚ್ಚಿತ್ತು. ಹಿಂದಿನ ಸಲ ಆಯಿಲ್ ಬದಲಿಸಿದವರು 3.3 ಲೀಟರ್ ಹಿಡಿಯುವ ಎಂಜಿನ್ನಿಗೆ 4 ಲೀಟರಿನ ಡಬ್ಬಿಯನ್ನು ಪೂರ್ತಿ ಸುರಿದಿದ್ದರು. ಹೆಚ್ಚಿನದನ್ನು ಇಳಿಸಿದ ಮೇಲೆ ಸದ್ದು ಬಹುಪಾಲು ನಿಂತುಹೋಯಿತು. ಉಳಿದದ್ದು ಒಂದೇ ಒಂದು ಲಿಫ್ಟರಿನ ಸಣ್ಣ ಟಿಕ್.

ಆಯಿಲ್ ಕಡಿಮೆಯಾದರೆ ಸದ್ದು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಬರುತ್ತದೆ ಎಂಬುದು ಅರ್ಥವಾಗಬೇಕಾದರೆ ಲಿಫ್ಟರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯಬೇಕು.

ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆ?

ಕ್ಯಾಮ್ ಶಾಫ್ಟ್ ಎಂಬ ದಂಡದ ಮೇಲಿನ ಉಬ್ಬು ತಿರುಗುತ್ತ ಬಂದು ವಾಲ್ವನ್ನು ಒತ್ತಿ ತೆರೆಯುತ್ತದೆ, ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಕ್ಯಾಮ್ ಮತ್ತು ವಾಲ್ವಿನ ನಡುವೆ ಇರುವ ಕೊಂಡಿಗೆ ನಾವು ಸಾಮಾನ್ಯವಾಗಿ ಟ್ಯಾಪೆಟ್ ಎನ್ನುತ್ತೇವೆ. ಎಂಜಿನ್ ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಹಿಗ್ಗಿದಾಗಲೂ ವಾಲ್ವ್ ಪೂರ್ತಿ ಮುಚ್ಚಬೇಕಾದರೆ ಈ ಕೊಂಡಿಯಲ್ಲಿ ಎಲ್ಲಾದರೂ ಒಂದು ಕೂದಲೆಳೆಯ ಸಂದು ಇರಬೇಕು. ಗ್ಯಾರೇಜಿನವರು ಇದನ್ನು ಗ್ಯಾಪ್ ಎನ್ನುತ್ತಾರೆ. ಹಳೆಯ ಕಾರ್ಬ್ಯುರೇಟರ್ ಮಾರುತಿ 800, ಆ ಕಾಲದ ಓಮ್ನಿ, ಅಂಬಾಸಡರ್ ಮೊದಲಾದವುಗಳಲ್ಲಿ ಈ ಗ್ಯಾಪನ್ನು ರಾಕರ್ ಆರ್ಮಿನ (ವಾಲ್ವನ್ನು ಒತ್ತುವ ಸನ್ನೆ) ತುದಿಯ ಸ್ಕ್ರೂ ತಿರುಗಿಸಿ ಕೈಯಿಂದಲೇ ಹೊಂದಿಸಬೇಕು. ಇನ್ನು ಕೆಲವು ಎಂಜಿನ್‌ಗಳಲ್ಲಿ ಸ್ಕ್ರೂ ಇರುವುದಿಲ್ಲ, ಬಟ್ಟಲಿನಾಕಾರದ ಟ್ಯಾಪೆಟ್ಟಿನ ಮೇಲೆ ನಿರ್ದಿಷ್ಟ ದಪ್ಪದ ಬಿಲ್ಲೆ ಕೂಡಿಸಿ ಗ್ಯಾಪ್ ಹೊಂದಿಸುತ್ತಾರೆ. ಮೂರನೆಯ ಬಗೆ ಹೈಡ್ರಾಲಿಕ್ ಲಿಫ್ಟರ್. ಫೋರ್ಡ್ ಐಕಾನ್ 1.3 ರೋಕ್ಯಾಮ್ ಪೆಟ್ರೋಲ್ ಎಂಜಿನ್ನಿನಲ್ಲಿಯೂ, ಸ್ವಿಫ್ಟ್ ಡೀಸೆಲ್‌ನಲ್ಲಿ ಬಂದ ಫಿಯಟ್ಟಿನ 1.3 ಮಲ್ಟಿಜೆಟ್ ಎಂಜಿನ್ನಿನಲ್ಲಿಯೂ ಇರುವುದು ಇದೇ ಬಗೆ.

ಹೈಡ್ರಾಲಿಕ್ ಲಿಫ್ಟರ್ ಎಂದರೆ ಒಂದು ಪುಟ್ಟ ಸಿಲಿಂಡರ್, ಅದರೊಳಗೆ ಅತ್ಯಂತ ನಿಕಟವಾಗಿ ಕೂಡುವ ಪ್ಲಂಜರ್, ಕೆಳಗೆ ಒಂದು ಸ್ಪ್ರಿಂಗ್, ನಡುವೆ ಒಂದೇ ದಿಕ್ಕಿಗೆ ತೆರೆಯುವ ಸಣ್ಣ ಗುಂಡು. ವಾಲ್ವ್ ಮುಚ್ಚಿರುವಾಗ ಎಂಜಿನ್ ಆಯಿಲ್ ಗುಂಡನ್ನು ಸರಿಸಿ ಒಳಗೆ ತುಂಬಿಕೊಂಡು ಪ್ಲಂಜರನ್ನು ಮೇಲೆತ್ತಿ ಸಂದನ್ನು ಇಲ್ಲವಾಗಿಸುತ್ತದೆ. ಕ್ಯಾಮ್ ಒತ್ತಿದಾಗ ಗುಂಡು ಕೂತು ಆಯಿಲ್ ಹೊರಹೋಗದಂತೆ ತಡೆಯುತ್ತದೆ. ಒತ್ತಿದರೆ ಕುಗ್ಗದ ಆ ಆಯಿಲ್ಲೇ ಗಟ್ಟಿ ಕಂಬದಂತೆ ನಿಂತು ವಾಲ್ವನ್ನು ತೆರೆಯುತ್ತದೆ. ಆ ಆಯಿಲ್ಲಿನಲ್ಲಿ ಗಾಳಿಯ ಗುಳ್ಳೆ ಸೇರಿದರೆ ಮಾತ್ರ ಕಂಬ ಮೆತ್ತಗಾಗುತ್ತದೆ, ಏಕೆಂದರೆ ಗಾಳಿ ಕುಗ್ಗುತ್ತದೆ. ಲಿಫ್ಟರ್ ಕುಸಿದು, ಸಂದು ಹುಟ್ಟಿ, ಲೋಹಕ್ಕೆ ಲೋಹ ಬಡಿಯುತ್ತದೆ. ಎಂಜಿನ್ನಿನ ತಳದ ಆಯಿಲ್ ಚೇಂಬರಿನಲ್ಲಿ ಆಯಿಲ್ ಹೆಚ್ಚಾದಾಗ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಅದರೊಳಗೆ ಮುಳುಗಿ ತಿರುಗುತ್ತ ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ. ಕಡಿಮೆಯಾದಾಗ ಪಂಪಿನ ಜಾಲರಿ ಆಯಿಲಿನ ಜೊತೆಗೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಕಾರಣ ಬೇರೆಯಾದರೂ ಲಿಫ್ಟರಿಗೆ ತಲುಪುವುದು ಒಂದೇ, ನೊರೆಯಾದ ಆಯಿಲ್. ನನ್ನ ಕಾರು ವೇಗವಾಗಿ ಓಡಿದ ಮೇಲಷ್ಟೇ ಸದ್ದು ಮಾಡಿ, ನಿಂತಾಗ ನೊರೆ ಇಳಿದು ಸುಮ್ಮನಾಗುತ್ತಿದ್ದದ್ದು ಇದೇ ಕಾರಣಕ್ಕೆ.

ಕಿವಿಯಿಂದ ಮಾಡುವ ಪರೀಕ್ಷೆ

ಮೊದಲ ಪ್ರಶ್ನೆ, ಸದ್ದು ನಿಜವಾಗಿ ವಾಲ್ವಿನ ಭಾಗದ್ದೇ ಹೌದೇ ಎಂಬುದು. ಕ್ಯಾಮ್ ಶಾಫ್ಟ್ ಕ್ರ್ಯಾಂಕ್ ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಗಾಡಿ ನಿಂತಲ್ಲೇ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವ್ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ತೆರೆದು ಮುಚ್ಚುತ್ತದೆ. ಸಡಿಲವಾದ ಒಂದು ಟ್ಯಾಪೆಟ್ಟಿನ ಸದ್ದು ಈ ಲಯದಲ್ಲಿ, ಹಗುರವಾಗಿ, ಲೋಹದ ಚಮಚ ಬಟ್ಟಲಿಗೆ ತಾಕಿದಂತೆ ಕೇಳಿಸುತ್ತದೆ. ಅದರ ಎರಡು ಪಟ್ಟು ವೇಗದಲ್ಲಿ, ಎಂಜಿನ್ನಿನ ಕೆಳಭಾಗದಿಂದ, ಸುತ್ತಿಗೆಯಿಂದ ದಿಮ್ಮಿ ಬಡಿದಂತಹ ಭಾರವಾದ ದಡ್ ದಡ್ ಸದ್ದು ಬಂದರೆ ಅದು ಬೇರಿಂಗಿನದು. ಅಂಥ ಸದ್ದು ಕೇಳಿದ ಕೂಡಲೇ ಎಂಜಿನ್ ನಿಲ್ಲಿಸಬೇಕು, ಮುಂದೆ ಓಡಿಸಬಾರದು. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಇರುವ ಹಳೆಯ ಗಾಡಿಯಾದರೆ ಟೈಮಿಂಗ್ ಲೈಟನ್ನು ಒಂದು ಪ್ಲಗ್ಗಿನ ತಂತಿಗೆ ಸಿಕ್ಕಿಸಿ ನೋಡುವ ಉಪಾಯವಿದೆ. ಆ ದೀಪ ಎರಡು ಸುತ್ತಿಗೆ ಒಮ್ಮೆ ಮಿನುಗುತ್ತದೆ, ಪ್ರತಿ ಮಿನುಗಿಗೆ ಒಂದೊಂದೇ ಟಿಕ್ ಕೂಡಿಬಂದರೆ ಸದ್ದು ಕ್ಯಾಮಿನ ವೇಗದ್ದು ಎಂದು ಗೊತ್ತಾಗುತ್ತದೆ.

ಆಮೇಲೆ ಜಾಗ. ಉದ್ದನೆಯ ಪೇಚಕಸ್ಸಿನ (ಸ್ಕ್ರೂಡ್ರೈವರ್) ತುದಿಯನ್ನು ಟ್ಯಾಪೆಟ್ ಕವರಿನ ಬೋಲ್ಟಿನ ತಲೆಗೆ ಒತ್ತಿ, ಹಿಡಿಕೆಯನ್ನು ಕಿವಿಯ ಹತ್ತಿರದ ಎಲುಬಿಗೆ ಇಟ್ಟು, ಒಂದೊಂದು ಸಿಲಿಂಡರಿನ ಮೇಲೆಯೂ ಸರಿಸುತ್ತ ಕೇಳಬೇಕು. ಮಿಸ್ತ್ರಿಗಳು ಬಳಸುವ ಸ್ಟೆತಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಉದ್ದ ತೋಳಿನ ಅಂಗಿ, ದುಪಟ್ಟಾ, ಕೊರಳ ಸರ ಯಾವುದೂ ಫ್ಯಾನು ಮತ್ತು ಬೆಲ್ಟಿನ ಹತ್ತಿರ ಸುಳಿಯದಿರಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಈ ಪರೀಕ್ಷೆ ಮಾಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಟ್ಯಾಪೆಟ್ಟಿನಂತೆಯೇ ಕೇಳಿಸಿ ದಾರಿ ತಪ್ಪಿಸುವ ಸದ್ದುಗಳಲ್ಲಿ ಮೊದಲನೆಯದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿಕೆ. ಎಂಜಿನ್ ತಣ್ಣಗಿರುವಾಗ ಜೋರಾಗಿ ಟಿಕ್ ಟಿಕ್ ಎನ್ನುವುದು, ಬಿಸಿಯಾಗಿ ಲೋಹ ಹಿಗ್ಗಿ ಸಂದು ಮುಚ್ಚಿದಾಗ ಕಡಿಮೆಯಾಗುವುದು, ಏರು ರಸ್ತೆಯಲ್ಲಿ ಎಕ್ಸಿಲರೇಟರ್ ಒತ್ತಿದಾಗ ಹೆಚ್ಚುವುದು ಇದರ ಲಕ್ಷಣ. ಸೋರುವ ಜಾಗದಲ್ಲಿ ಕಪ್ಪು ಮಸಿ ಹಿಡಿದಿರುತ್ತದೆ. ಇಂಧನದ ಇಂಜೆಕ್ಟರ್‌ಗಳು ಆರೋಗ್ಯವಾಗಿದ್ದರೂ ಟಿಕ್ ಎನ್ನುತ್ತವೆ, ಪೇಚಕಸ್ಸನ್ನು ನೇರವಾಗಿ ಇಂಜೆಕ್ಟರಿಗೆ ಇಟ್ಟು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸಡಿಲವಾದ ಸ್ಪಾರ್ಕ್ ಪ್ಲಗ್ಗೂ ಇದೇ ಬಗೆಯ ಸದ್ದು ಮಾಡುತ್ತದೆ. ಸವೆದ ಟೈಮಿಂಗ್ ಚೈನಿನ ಸದ್ದು ಎಂಜಿನ್ನಿನ ಒಂದು ತುದಿಯಿಂದ, ಲಯವಿಲ್ಲದ ಗಲಗಲದಂತೆ ಬರುತ್ತದೆ. ಹಳೆಯ ಡೀಸೆಲ್ ಜೀಪುಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಯಾವ ಸಿಲಿಂಡರಿನ ಸದ್ದು ಎಂದು ಕಂಡುಹಿಡಿಯುವ ರೂಢಿಯಿದೆ. ಕಾಮನ್ ರೇಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ) ಡೀಸೆಲ್ ಗಾಡಿಗಳಲ್ಲಿ ಈ ಕೆಲಸ ಎಂದಿಗೂ ಮಾಡಬಾರದು. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮವನ್ನು ಸೀಳಿ ಒಳಹೊಕ್ಕು ಕೈಯನ್ನೇ ಕಳೆದುಕೊಳ್ಳುವಂತೆ ಮಾಡಬಲ್ಲದು.

ಹೈಡ್ರಾಲಿಕ್ ಲಿಫ್ಟರಿನ ಮಟ್ಟಿಗೆ ಸದ್ದು ಬರುವ ಹೊತ್ತು ಬಹುತೇಕ ರೋಗವನ್ನೇ ಹೇಳಿಬಿಡುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಕೆಲವು ಸೆಕೆಂಡು ಸದ್ದು ಬಂದು ನಿಂತರೆ ಗಾಬರಿಪಡಬೇಕಿಲ್ಲ, ತೆರೆದ ಸ್ಥಿತಿಯಲ್ಲಿ ನಿಂತ ವಾಲ್ವುಗಳ ಲಿಫ್ಟರಿನಿಂದ ಆಯಿಲ್ ಸೋರಿಹೋಗಿ ಮತ್ತೆ ತುಂಬಿಕೊಳ್ಳಲು ಅಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತು ದಿನದಿನಕ್ಕೆ ಉದ್ದವಾಗುತ್ತ ಹೋದರೆ ಆಯಿಲ್ ಫಿಲ್ಟರನ್ನು ಅನುಮಾನಿಸಬೇಕು. ಒಳ್ಳೆಯ ಫಿಲ್ಟರಿನೊಳಗೆ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರಿನ ಪರದೆ ಇರುತ್ತದೆ, ಅಗ್ಗದ ಫಿಲ್ಟರುಗಳಲ್ಲಿ ಅದು ಬೇಗ ಗಟ್ಟಿಯಾಗುತ್ತದೆ ಅಥವಾ ಇರುವುದೇ ಇಲ್ಲ. ಬಿಸಿಯಾದ ಮೇಲೆ ನಿಂತಲ್ಲಿ ಮಾತ್ರ ಸದ್ದು ಬಂದು ಎಂಜಿನ್ ವೇಗ ಏರಿಸಿದಾಗ ಮಾಯವಾಗುವುದು ಆಯಿಲ್ ಒತ್ತಡ ಕುಸಿದಿರುವುದರ ಗುರುತು. ನಿಂತಲ್ಲಿ ಸುಮ್ಮನಿದ್ದು ವೇಗದ ಓಟದ ನಂತರ ಹಲವು ಲಿಫ್ಟರುಗಳು ಒಟ್ಟಿಗೇ ಸದ್ದು ಮಾಡಿದರೆ ಆಯಿಲ್ಲಿನಲ್ಲಿ ಗಾಳಿ ಸೇರಿದೆ. ಬಿಸಿ ತಂಪು ಯಾವುದನ್ನೂ ಲೆಕ್ಕಿಸದೆ ಒಂದೇ ಜಾಗದಿಂದ ಒಂದೇ ಟಿಕ್ ಬರುತ್ತಿದ್ದರೆ ಆಗ ಮಾತ್ರ ಆ ಲಿಫ್ಟರ್ ಅಥವಾ ಅದರ ಮೇಲಿನ ಕ್ಯಾಮ್ ಉಬ್ಬು ಹಾಳಾಗಿದೆ ಎನ್ನಬಹುದು.

ಆಯಿಲ್, ಮತ್ತೆ ಆಯಿಲ್

ನನ್ನ ಅಭಿಪ್ರಾಯದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ನೋಡಬೇಕು. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಬೆರಳುಗಳ ನಡುವೆ ಉಜ್ಜಿದಾಗ ಕಣಕಣವಾಗಿ ತಾಕಿದರೆ ಮಣ್ಣು ಸೇರಿದೆ, ಪೆಟ್ರೋಲಿನ ವಾಸನೆ ಬಂದರೆ ಇಂಧನ ಸೇರಿ ತೆಳುವಾಗಿದೆ, ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಕೊನೆಯ ಎರಡು ಸ್ಥಿತಿಗಳಲ್ಲಿ ಟ್ಯಾಪೆಟ್ ಬಿಟ್ಟು ಮೊದಲು ಆ ಮೂಲವನ್ನು ಹುಡುಕಬೇಕು.

ನಮ್ಮ ಭಾಗದಲ್ಲಿ ಮಣ್ಣಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತೊಗರಿ ರಾಶಿಯ ಕಾಲದಲ್ಲಿ ಎರೆಹೊಲದ ದಾರಿಗಳಲ್ಲಿ ಏಳುವ ಧೂಳು, ಶಹಾಬಾದ್ ಕಡೆಯ ಕಲ್ಲುಗಣಿಗಳ ಪುಡಿ, ವಾಡಿ, ಸೇಡಂ ಕಡೆಯ ಸಿಮೆಂಟ್ ಲಾರಿಗಳು ಓಡಾಡುವ ರಸ್ತೆಯ ಹುಡಿ ಇವೆಲ್ಲ ಹರಿದ ಏರ್ ಫಿಲ್ಟರಿನ ಮೂಲಕ ಎಂಜಿನ್ನಿಗೆ ಇಳಿದು ಕೊನೆಗೆ ಆಯಿಲ್ಲಿನಲ್ಲಿ ಸೇರುತ್ತವೆ. ಲಿಫ್ಟರಿನ ಪ್ಲಂಜರ್ ಮತ್ತು ಅದರ ಗೂಡಿನ ನಡುವಿನ ಸಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಇರುತ್ತದೆ. ಅಲ್ಲಿ ಒಂದು ಕಣ ಸಿಕ್ಕಿಕೊಂಡರೂ ಸಾಕು, ಪ್ಲಂಜರ್ ಜಾಮ್ ಆಗುತ್ತದೆ. ಆದ್ದರಿಂದ ಟ್ಯಾಪೆಟ್ ಸದ್ದಿನ ಔಷಧಿ ಕೆಲವೊಮ್ಮೆ ಹೊಸ ಏರ್ ಫಿಲ್ಟರಿನಿಂದಲೇ ಶುರುವಾಗಬೇಕಾಗುತ್ತದೆ.

ಆಯಿಲ್ಲಿನ ದಪ್ಪವೂ ಮುಖ್ಯ. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಬಹಳ ಓಡಿ ಸವೆದ ಎಂಜಿನ್ನಿಗೆ ಹೊಸ ಗಾಡಿಗಳಿಗಾಗಿ ಮಾಡಿದ ತೀರ ತೆಳು ಆಯಿಲ್ ಹಾಕಿದರೆ ಬಿಸಿಯಾದಾಗ ಒತ್ತಡ ಉಳಿಯುವುದಿಲ್ಲ. ಕೈಪಿಡಿಯಲ್ಲಿ ಬಿಸಿ ಪ್ರದೇಶಕ್ಕೆ ಯಾವ ದರ್ಜೆಗಳನ್ನು ಒಪ್ಪಿದ್ದಾರೋ ಅವುಗಳಲ್ಲಿ ದಪ್ಪನೆಯದನ್ನು, ಹಳೆಯ ಪೆಟ್ರೋಲ್ ಗಾಡಿಗಳಿಗೆ ಸಾಮಾನ್ಯವಾಗಿ 15ಡಬ್ಲ್ಯು-40 ಅಥವಾ 20ಡಬ್ಲ್ಯು-50 ಆರಿಸಬಹುದು. ಸದ್ದು ಅಡಗಿಸಲೆಂದು ಇನ್ನೂ ದಪ್ಪದ ಆಯಿಲ್ಲಿಗೆ ಹೋಗಬಾರದು. ಬೀದರಿನ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅದು ಲಿಫ್ಟರಿಗೆ ತಲುಪಲು ತಡಮಾಡಿ, ಅಷ್ಟು ಹೊತ್ತು ಎಂಜಿನ್ ಒಣಗಿ ಉಜ್ಜುತ್ತದೆ.

ಹಳೆಯ ಎಂಜಿನ್ನಿನ ಒಳಗೆ ಡಾಂಬರಿನಂತಹ ಕೆಸರು ಕಟ್ಟಿರುತ್ತದೆ. ಡೀಸೆಲ್ ಅಥವಾ ಸೀಮೆಎಣ್ಣೆ ಸುರಿದು ಎಂಜಿನ್ ಓಡಿಸಿ ತೊಳೆಯುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ, ನಾನು ಅದನ್ನು ಖಂಡಿತ ಬೇಡ ಎನ್ನುತ್ತೇನೆ. ತೆಳುವಾದ ದ್ರವ ಬೇರಿಂಗನ್ನು ಕಾಯುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಕೆಸರು ಚಕ್ಕೆಚಕ್ಕೆಯಾಗಿ ಕಿತ್ತು ಬಂದು ಪಂಪಿನ ಜಾಲರಿಗೆ ಅಡರಿಕೊಂಡರೆ ಟ್ಯಾಪೆಟ್ ಸದ್ದಿನಿಂದ ಶುರುವಾದದ್ದು ಎಂಜಿನ್ ಸೀಜ್ ಆಗುವುದರಲ್ಲಿ ಮುಗಿಯುತ್ತದೆ. ನಿಧಾನದ ದಾರಿಯೇ ಸುರಕ್ಷಿತ. ಒಳ್ಳೆಯ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿ 1500 ಕಿ.ಮೀ. ಓಡಿಸಿ, ಎರಡನ್ನೂ ಬದಲಿಸಿ ಮತ್ತೆ ಅಷ್ಟೇ ಓಡಿಸಬೇಕು. ಆಯಿಲ್ಲಿನಲ್ಲಿರುವ ತೊಳೆಯುವ ಗುಣವೇ ಕೆಸರನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತದೆ. ಆಯಿಲ್ ಬದಲಿಸಿದ ದಿನ ಎಂಜಿನ್ ಬಿಸಿಯಾದ ಮೇಲೆ, ನಿಂತಲ್ಲೇ ಸುಮಾರು 2000 ಸುತ್ತಿನ ವೇಗದಲ್ಲಿ ಐದಾರು ನಿಮಿಷ ಹಿಡಿದು, ಅರ್ಧ ನಿಮಿಷ ಸಾಮಾನ್ಯ ವೇಗಕ್ಕೆ ಇಳಿಸಿ, ಮತ್ತೆ ಏರಿಸುವುದನ್ನು ಕೆಲವು ಬಾರಿ ಮಾಡಿದರೆ ಲಿಫ್ಟರಿನೊಳಗೆ ಸಿಕ್ಕಿದ ಗಾಳಿ ಹೊರಬೀಳುತ್ತದೆ. ಆ ಹೊತ್ತಿನಲ್ಲಿ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿರಲಿ.

ಇಷ್ಟಾದರೂ ಸದ್ದು ನಿಲ್ಲದಿದ್ದರೆ ಒತ್ತಡವನ್ನು ಅಳೆಯಬೇಕು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿಲ್ಲವೆಂದರೆ ಒತ್ತಡ ಸರಿಯಿದೆ ಎಂದು ತಿಳಿಯುವುದು ತಪ್ಪು, ಆ ದೀಪ ಒತ್ತಡ ಬಹುತೇಕ ಬತ್ತಿದ ಮೇಲಷ್ಟೇ ಹತ್ತುತ್ತದೆ. ಆಯಿಲ್ ಸ್ವಿಚ್ಚನ್ನು ಬಿಚ್ಚಿ ಅದೇ ತೂತಿಗೆ ಮುಳ್ಳಿನ ಗೇಜ್ ಕೂಡಿಸಿ, ಎಂಜಿನ್ ಪೂರ್ತಿ ಬಿಸಿಯಾದಾಗ ಓದಬೇಕು. ಗಾಡಿಯ ಕೈಪಿಡಿಯ ಅಂಕಿಯೇ ಅಂತಿಮ. ಅದು ಕೈಗೆ ಸಿಗದಿದ್ದರೆ 1000 ಸುತ್ತಿಗೆ ಸುಮಾರು 10 ಪಿಎಸ್‌ಐ ಎಂಬ ಹಳೆಯ ಲೆಕ್ಕವನ್ನು ಅಂದಾಜಿಗೆ ಹಿಡಿಯಬಹುದು. ಒತ್ತಡ ಕಡಿಮೆಯಿದ್ದರೆ ಹೊಸ ಲಿಫ್ಟರ್ ಹಾಕಿ ಪ್ರಯೋಜನವಿಲ್ಲ. ಜಾಲರಿ, ಪಂಪ್, ಬೇರಿಂಗ್ ಇವುಗಳ ಕಡೆಗೆ ಹೋಗಬೇಕು, ಅದು ಮಿಸ್ತ್ರಿಯ ಕೆಲಸ.

ಸ್ಕ್ರೂ ಇರುವ ಗಾಡಿಯಲ್ಲಿ ಗ್ಯಾಪ್ ಹೊಂದಿಸುವುದು

ಇದು ಮನೆಯಲ್ಲೇ ಮಾಡಬಹುದಾದ ಕೆಲಸ. ಬೇಕಾದದ್ದು ಫೀಲರ್ ಗೇಜ್ (ಸಂದು ಅಳೆಯುವ ಬೇರೆ ಬೇರೆ ದಪ್ಪದ ತೆಳು ಪಟ್ಟಿಗಳ ಕಟ್ಟು), ಸರಿಯಾದ ಅಳತೆಯ ರಿಂಗ್ ಪಾನಾ, ಪೇಚಕಸ್, ಹೊಸ ಕವರ್ ಗ್ಯಾಸ್ಕೆಟ್ ಮತ್ತು ತಾಳ್ಮೆ. ಕೈಪಿಡಿಯಲ್ಲಿ ಎಂಜಿನ್ ತಣ್ಣಗಿರುವಾಗಿನ ಅಂಕಿ, ಬಿಸಿಯಿರುವಾಗಿನ ಅಂಕಿ ಎಂದು ಎರಡು ಇರಬಹುದು. ಅಲ್ಯೂಮಿನಿಯಂ ಹೆಡ್ ವಾಲ್ವಿಗಿಂತ ಹೆಚ್ಚು ಹಿಗ್ಗುವುದರಿಂದ ಕೆಲವು ಎಂಜಿನ್‌ಗಳಲ್ಲಿ ಬಿಸಿಯಾದಾಗ ಗ್ಯಾಪ್ ಹೆಚ್ಚಾಗುತ್ತದೆ, ಎರಡನ್ನು ಅದಲುಬದಲು ಮಾಡಬಾರದು. ನಾನು ಯಾವಾಗಲೂ ತಣ್ಣನೆಯ ಅಂಕಿಯನ್ನೇ ಹಿಡಿಯುತ್ತೇನೆ, ಗಾಡಿಯನ್ನು ರಾತ್ರಿ ನಿಲ್ಲಿಸಿ ಬೆಳಗಿನ ಐದು ಗಂಟೆಗೆ ಕೆಲಸಕ್ಕೆ ಕೂಡುತ್ತೇನೆ. ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಎಂಜಿನ್ ಚಾಲೂ ಮಾಡದಿದ್ದರೂ ನಮ್ಮಲ್ಲಿ ತಣ್ಣಗಿರುವುದಿಲ್ಲ.

ಕವರಿನ ಸುತ್ತಲಿನ ಧೂಳನ್ನು ಮೊದಲು ಒರೆಸಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಪ್ಲಗ್ಗುಗಳನ್ನು ಬಿಚ್ಚಿದರೆ ಕ್ರ್ಯಾಂಕ್ ಪುಲಿಯನ್ನು ಪಾನಾದಿಂದ ಸುಲಭವಾಗಿ ತಿರುಗಿಸಬಹುದು. ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಬೇಕು. ಯಾವ ಸಿಲಿಂಡರಿನ ಗ್ಯಾಪ್ ನೋಡಬೇಕೋ ಅದರ ಪಿಸ್ಟನ್ ಕಂಪ್ರೆಷನ್ನಿನ (ಎರಡೂ ವಾಲ್ವ್ ಮುಚ್ಚಿ ಗಾಳಿಯನ್ನು ಒತ್ತುವ ಹಂತ) ಮೇಲ್ತುದಿಯಲ್ಲಿರಬೇಕು, ಆಗ ಎರಡೂ ರಾಕರುಗಳು ಕೈಯಿಂದ ಅಲ್ಲಾಡಿಸಿದರೆ ಸ್ವಲ್ಪ ಆಡುತ್ತವೆ. 1-3-4-2 ಕ್ರಮದಲ್ಲಿ ಉರಿಯುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸುಲಭದ ಲೆಕ್ಕವಿದೆ. 4ನೆಯ ಸಿಲಿಂಡರಿನ ಒಂದು ವಾಲ್ವ್ ಮುಚ್ಚುತ್ತ ಇನ್ನೊಂದು ತೆರೆಯತೊಡಗಿದ ಕ್ಷಣದಲ್ಲಿ 1ನೆಯದನ್ನು ಹೊಂದಿಸಬೇಕು, 2ನೆಯದು ಹಾಗೆ ತೂಗುವಾಗ 3ನೆಯದನ್ನು, 1ನೆಯದು ತೂಗುವಾಗ 4ನೆಯದನ್ನು, 3ನೆಯದು ತೂಗುವಾಗ 2ನೆಯದನ್ನು. ಎರಡರ ಮೊತ್ತ ಯಾವಾಗಲೂ 5. ಮಾರುತಿ 800ರ ಮೂರು ಸಿಲಿಂಡರಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ರೋಟರ್ ಯಾವ ಪ್ಲಗ್ಗಿನ ಕಡೆ ಮುಖ ಮಾಡಿದೆ ಎಂದು ನೋಡುತ್ತ 1-3-2 ಕ್ರಮದಲ್ಲಿ ಸಾಗಬೇಕು.

ಸಣ್ಣ ಪೆಟ್ರೋಲ್ ಎಂಜಿನ್‌ಗಳ ಗ್ಯಾಪ್ ಸಾಮಾನ್ಯವಾಗಿ 0.10ರಿಂದ 0.30 ಮಿ.ಮೀ. ಒಳಗೇ ಇರುತ್ತದೆ, ನಿಮ್ಮ ಗಾಡಿಯ ನಿಖರ ಅಂಕಿಯನ್ನು ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಎಕ್ಸಾಸ್ಟಿನದು ಇನ್‌ಟೇಕಿನದಕ್ಕಿಂತ ಹೆಚ್ಚಿರಬಹುದು. ಆ ದಪ್ಪದ ಪಟ್ಟಿಯನ್ನು ಸ್ಕ್ರೂ ಮತ್ತು ವಾಲ್ವಿನ ನಡುವೆ ಸರಿಸಿದಾಗ, ದಪ್ಪ ಪುಸ್ತಕದ ನಡುವೆ ಸಿಕ್ಕಿದ ರಶೀದಿಯನ್ನು ಎಳೆದಂತೆ ಸ್ವಲ್ಪ ಹಿಡಿತ ಸಿಗಬೇಕು. ಲಾಕ್‌ನಟ್ ಬಿಗಿಸುವಾಗ ಸ್ಕ್ರೂ ಒಂದಿಷ್ಟು ತಿರುಗಿಯೇ ತಿರುಗುತ್ತದೆ, ಹಾಗಾಗಿ ಬಿಗಿಸಿದ ಮೇಲೆ ಮತ್ತೊಮ್ಮೆ ಅಳೆಯದೆ ಮುಂದಿನದಕ್ಕೆ ಹೋಗಬಾರದು.

ಗ್ಯಾಪ್ ಸರಿಯಾಗಿ ಹೊಂದಿಸಿದರೂ ಒಂದು ಟ್ಯಾಪೆಟ್ ಸದ್ದು ಮಾಡುತ್ತಲೇ ಇದ್ದರೆ ರಾಕರಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ವರ್ಷಗಟ್ಟಲೆ ಬಡಿದು ಅಲ್ಲಿ ಗುಳಿ ಬಿದ್ದಿರುತ್ತದೆ. ಗೇಜಿನ ಚಪ್ಪಟೆ ಪಟ್ಟಿ ಆ ಗುಳಿಯ ಅಂಚುಗಳ ಮೇಲೆ ಸೇತುವೆಯಂತೆ ಕೂಡುವುದರಿಂದ 0.15 ಎಂದು ತೋರಿದರೂ ನಿಜವಾದ ಸಂದು ಅದಕ್ಕಿಂತ ದೊಡ್ಡದಿರುತ್ತದೆ. ಇದನ್ನು ಸ್ಕ್ರೂ ಬಿಗಿಸಿ ಸರಿಪಡಿಸಲು ಹೋಗಬಾರದು, ರಾಕರನ್ನೋ ಸ್ಕ್ರೂವನ್ನೋ ಬದಲಿಸಬೇಕು.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸದ್ದು ಪೂರ್ತಿ ನಿಲ್ಲಲಿ ಎಂದು ಗ್ಯಾಪನ್ನು ಅಳತೆಗಿಂತ ಕಡಿಮೆ ಮಾಡಿಸಿಕೊಳ್ಳುವ ಗಿರಾಕಿಗಳಿದ್ದಾರೆ. ಸ್ಕ್ರೂ ಇರುವ ಎಂಜಿನ್ನಿನಲ್ಲಿ ತುಸು ಟಿಕ್ ಸದ್ದು ಸಹಜ. ಗ್ಯಾಪ್ ಇಲ್ಲದ ಎಕ್ಸಾಸ್ಟ್ ವಾಲ್ವ್ ಬಿಸಿಯಾದಾಗ ಪೂರ್ತಿ ಕೂಡುವುದಿಲ್ಲ. ವಾಲ್ವಿನ ಶಾಖ ಬಹುಪಾಲು ಹೆಡ್ಡಿಗೆ ಹೋಗುವುದು ಅದು ಕೂಡುವ ಸೀಟಿನ ಮೂಲಕ ಆದ್ದರಿಂದ, ಕೂಡದ ವಾಲ್ವ್ ಸುಟ್ಟು ಅಂಚು ಕರಗುತ್ತದೆ. ಯಾದಗಿರಿಯಲ್ಲಿರುವ ನಮ್ಮ ಸೋದರಮಾವನವರ ಗ್ಯಾಸ್ ಕಿಟ್ ಹಾಕಿದ ಹಳೆಯ ವ್ಯಾನಿಗೆ ಆದದ್ದು ಇದೇ. ಗ್ಯಾಸಿನ ಮೇಲೆ ಬಹಳ ಓಡಿದ ಎಂಜಿನ್ನಿನಲ್ಲಿ ವಾಲ್ವ್ ಸೀಟು ಸವೆದು ವಾಲ್ವ್ ಒಳಕ್ಕೆ ಇಳಿಯುತ್ತ ಗ್ಯಾಪ್ ತಾನಾಗಿಯೇ ಮುಚ್ಚಿಹೋಗುತ್ತದೆ. ವ್ಯಾನ್ ಒಂದು ಸದ್ದೂ ಮಾಡಲಿಲ್ಲ, ಬೆಳಿಗ್ಗೆ ಚಾಲೂ ಆಗುವುದು ಕಷ್ಟವಾಗಿ, ಒಂದು ಸಿಲಿಂಡರ್ ಸತ್ತಾಗಲೇ ಗೊತ್ತಾದದ್ದು. ಗ್ಯಾಸಿನ ಗಾಡಿ ಇಟ್ಟುಕೊಂಡವರು ಸದ್ದಿಗಾಗಿ ಕಾಯದೆ ಗ್ಯಾಪ್ ನೋಡಿಸುತ್ತಿರಬೇಕು.

ಹೈಡ್ರಾಲಿಕ್ ಲಿಫ್ಟರನ್ನೇ ತೆಗೆಯಬೇಕಾದಾಗ

ಕವರ್ ತೆಗೆದು, ಕ್ಯಾಮಿನ ಉಬ್ಬು ಲಿಫ್ಟರಿನಿಂದ ದೂರ ತಿರುಗಿರುವಾಗ ಮರದ ತುಂಡಿನಿಂದ ಒಂದೊಂದನ್ನೂ ಒತ್ತಿ ನೋಡಬೇಕು. ಆಗಷ್ಟೇ ಓಡಿ ನಿಂತ ಎಂಜಿನ್ನಿನಲ್ಲಿ ಒಳ್ಳೆಯ ಲಿಫ್ಟರ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಕೆಟ್ಟದ್ದು ಸ್ಪಂಜಿನಂತೆ ಕುಸಿಯುತ್ತದೆ. ಕ್ಯಾಮಿನ ಉಬ್ಬುಗಳನ್ನೂ ಒಂದಕ್ಕೊಂದು ಹೋಲಿಸಿ ನೋಡಬೇಕು. ಯಾವುದಾದರೂ ಗಿಡ್ಡವಾಗಿದ್ದರೆ, ಮೇಲ್ಮೈ ಕಿತ್ತಿದ್ದರೆ, ಲಿಫ್ಟರ್ ಬದಲಿಸಿ ಉಪಯೋಗವಿಲ್ಲ.

ಲಿಫ್ಟರ್ ಹೊರತೆಗೆಯಲು ಬಹಳಷ್ಟು ಎಂಜಿನ್‌ಗಳಲ್ಲಿ ಕ್ಯಾಮ್ ಶಾಫ್ಟ್ ಎತ್ತಬೇಕಾಗುತ್ತದೆ, ಅಂದರೆ ಟೈಮಿಂಗ್ ಬೆಲ್ಟ್ ಅಥವಾ ಚೈನನ್ನು ಬಿಚ್ಚಬೇಕಾಗುತ್ತದೆ. ಒಂದು ಹಲ್ಲು ತಪ್ಪಿದರೂ ಪಿಸ್ಟನ್ನಿಗೆ ವಾಲ್ವ್ ಬಡಿಯಬಹುದಾದ ಎಂಜಿನ್‌ಗಳು ಅನೇಕ. ಟೈಮಿಂಗ್ ಗುರುತು ಕೂಡಿಸಿ ಅಭ್ಯಾಸವಿಲ್ಲದವರು ಈ ಹಂತವನ್ನು ನಂಬಿಕೆಯ ಮಿಸ್ತ್ರಿಗೆ ಒಪ್ಪಿಸುವುದೇ ಲೇಸು. ಆದರೂ ಪಕ್ಕದಲ್ಲಿ ನಿಂತು ಈ ಕೆಲವನ್ನು ಗಮನಿಸಿರಿ. ತೆಗೆದ ಲಿಫ್ಟರುಗಳು ತಮ್ಮತಮ್ಮ ಜಾಗಕ್ಕೇ ಮರಳಬೇಕು, ಏಕೆಂದರೆ ಪ್ರತಿಯೊಂದೂ ತನ್ನ ಮೇಲಿನ ಭಾಗದ ಜೊತೆ ಸವೆದು ಹೊಂದಿಕೊಂಡಿರುತ್ತದೆ. ಮೊಟ್ಟೆಯ ಟ್ರೇ ಒಂದರಲ್ಲಿ ಸಂಖ್ಯೆ ಬರೆದು ನೆಟ್ಟಗೆ ನಿಲ್ಲಿಸಿದರೆ ಸಾಕು. ಬಿಚ್ಚಿ ತೊಳೆಯುವುದಾದರೆ ಒಂದು ಮುಗಿದ ಮೇಲೆಯೇ ಇನ್ನೊಂದು, ಪ್ಲಂಜರ್ ಮತ್ತು ಗೂಡು ಜೋಡಿಯಾಗಿ ತಯಾರಾದವು, ಅದಲುಬದಲಾದರೆ ಎರಡೂ ಕೆಟ್ಟಂತೆ. ತೊಳೆದದ್ದನ್ನು ಶುದ್ಧ ಆಯಿಲ್ಲಿನಲ್ಲಿ ಮುಳುಗಿಸಿ, ತೆಳು ತಂತಿಯಿಂದ ಗುಂಡನ್ನು ಮೆಲ್ಲಗೆ ಒತ್ತುತ್ತ ಗುಳ್ಳೆ ನಿಲ್ಲುವವರೆಗೆ ಪ್ಲಂಜರನ್ನು ಆಡಿಸಬೇಕು. ನನ್ನ ಕಾರಿನಲ್ಲಿ ಉಳಿದಿದ್ದ ಆ ಒಂದು ಟಿಕ್ ಲಿಫ್ಟರನ್ನು ತೊಳೆದ ಮೇಲೆ ಆರು ತಿಂಗಳು ಸುಮ್ಮನಿದ್ದು ಮತ್ತೆ ಶುರುವಾಯಿತು. ತೊಳೆಯುವುದು ಅಂಟಿಗೆ ಮದ್ದು, ಸವೆತಕ್ಕೆ ಮದ್ದಲ್ಲ. ಕೊನೆಗೆ ಪೂರ್ತಿ ಸೆಟ್ ಹೊಸದು ಹಾಕಿಸಿದೆ. ಅಷ್ಟು ಬಿಚ್ಚಿದ ಮೇಲೆ ಒಂದನ್ನೇ ಬದಲಿಸಿ ಮತ್ತೊಂದಕ್ಕಾಗಿ ಕಾಯುವುದರಲ್ಲಿ ಅರ್ಥವಿಲ್ಲ.

ಜೋಡಿಸಿದ ಮೇಲೆ ಕೂಡಲೇ ಚಾಲೂ ಮಾಡಬಾರದು. ಪೂರ್ತಿ ತುಂಬಿದ ಲಿಫ್ಟರ್ ವಾಲ್ವನ್ನು ಅಳತೆ ಮೀರಿ ತೆರೆದು ಹಿಡಿದಿರುತ್ತದೆ. ಅರ್ಧ ಗಂಟೆಯಾದರೂ ಬಿಟ್ಟರೆ ಹೆಚ್ಚಿನ ಆಯಿಲ್ ಸೋರಿ ಅದು ತನ್ನ ಅಳತೆಗೆ ಇಳಿಯುತ್ತದೆ. ಆಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಎಲ್ಲಿಯೂ ತಡೆಯುವುದಿಲ್ಲ ಎಂದು ಖಚಿತಪಡಿಸಿಕೊಂಡೇ ಕೀಲಿ ತಿರುಗಿಸಬೇಕು. ಮೊದಲ ಕೆಲವು ನಿಮಿಷ ಸದ್ದು ಜೋರಾಗಿಯೇ ಇರುತ್ತದೆ, ಗಾಳಿ ಹೊರಟ ಹಾಗೆ ಒಂದೊಂದಾಗಿ ನಿಲ್ಲುತ್ತದೆ.

ಐನೂರು ಕಿಲೋಮೀಟರ್ ಓಡಿಸಿದ ಮೇಲೆ ಕವರಿನ ಅಂಚಿನಲ್ಲಿ ಆಯಿಲ್ ಜಿನುಗಿದೆಯೇ ನೋಡಿ, ಕಡ್ಡಿಯನ್ನು ಮತ್ತೊಮ್ಮೆ ಎಳೆದು ಮಟ್ಟ ಪರೀಕ್ಷಿಸಬೇಕು. ನನ್ನ ಕಾರಿನ ಬಾನೆಟ್ಟಿನ ಒಳಮಗ್ಗುಲಿಗೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ "ಆಯಿಲ್ 3.3 ಲೀಟರ್" ಎಂದು ಬರೆಸಿದ್ದೇನೆ, ಯಾರ ಕೈಯಲ್ಲಿ ಡಬ್ಬಿ ಇದ್ದರೂ ಸುರಿಯುವ ಮೊದಲು ಅದು ಕಣ್ಣಿಗೆ ಬೀಳುತ್ತದೆ.